ಹೆಸರು ಅದೇ, ಮುಖ ಬ್ಯಾರೆ

ಕನ್ನಡ ಕಿರುತೆರೆಯ ನೆನಪಿನಲ್ಲಿ ಚಂದು ಎಂಬ ಹೆಸರಿಗೆ ಮೂರು ಮುಖಗಳಿವೆ. 2013ರ ಮಾರ್ಚ್‌ನಲ್ಲಿ ಈಟಿವಿ ಕನ್ನಡದಲ್ಲಿ ‘ಲಕ್ಷ್ಮೀ ಬಾರಮ್ಮ’ ಶುರುವಾದಾಗ ಆ ಪಾತ್ರ ಚಂದನ್ ಕುಮಾರ್ ಅವರದಾಗಿತ್ತು. ಅವರು ಹೋದ ಮೇಲೆ ಶೈನ್ ಶೆಟ್ಟಿ ಬಂದರು. ಶೈನ್ ಶೆಟ್ಟಿಯವರೂ ಹೊರಟ ಮೇಲೆ ಚಂದು ಗೌಡ ಬಂದರು. ಮನೆ ಅದೇ, ತಾಯಿ ಅದೇ, ಜಗಳವೂ ಅದೇ. ನಡುಮನೆಯಲ್ಲಿ ನಿಂತ ಗಂಡ ಮಾತ್ರ ಬೇರೆ. ಹಳ್ಳಿಯಿಂದ ಬಂದ ಮುಗ್ಧ ಹೆಂಡತಿ ಚಿನ್ನುವಾಗಿ ಮನೆಮಾತಾಗಿದ್ದ ಕವಿತಾ ಗೌಡ ಕೂಡ ನಡುವೆಯೇ ಬಿಟ್ಟರು, ಆ ಜಾಗಕ್ಕೆ ರಶ್ಮಿ ಪ್ರಭಾಕರ್ ಬಂದರು. 2020ರ ಆರಂಭದಲ್ಲಿ ಧಾರಾವಾಹಿ ಮುಗಿಯುವ ಹೊತ್ತಿಗೆ ಯಾರ ಮದುವೆಯಿಂದ ಕಥೆ ಹುಟ್ಟಿತ್ತೋ ಆ ಗಂಡ ಹೆಂಡತಿ ಇಬ್ಬರ ಮುಖವೂ ಮೊದಲಿನದಾಗಿ ಉಳಿದಿರಲಿಲ್ಲ. ಆದರೂ ಜನ ಏಳು ವರ್ಷ ನೋಡಿದರು.

ಇದು ಬೆಂಗಳೂರಿನ ಸ್ಟುಡಿಯೋಗಳ ಒಳಗಿನ ಸುದ್ದಿ ಮಾತ್ರ ಎಂದುಕೊಂಡರೆ ಅರ್ಧ ಕಥೆ ಬಿಟ್ಟಂತೆ. ಉಳಿದರ್ಧ ನಾಲವಾರದಂಥ ಊರುಗಳ ನಡುಮನೆಯಲ್ಲಿದೆ. ನಾಲವಾರ ಚಿತ್ತಾಪುರ ತಾಲ್ಲೂಕಿನ ಊರು. ಮುಂಬೈ–ಚೆನ್ನೈ ರೈಲು ಮಾರ್ಗದಲ್ಲಿ ವಾಡಿ ದಾಟಿ ಯಾದಗಿರಿಗೆ ಹೋಗುವಾಗ ಸಿಗುವ ನಿಲ್ದಾಣ. ತೊಗರಿ ಹೊಲ, ಶಹಾಬಾದ ಕಲ್ಲಿನ ಗೋಡೆ, ಕೋರಿಸಿದ್ಧೇಶ್ವರ ಮಠದ ಜಾತ್ರೆ. ಹೊಲದಿಂದ ಬಂದು, ಕೈಕಾಲು ತೊಳೆದು, ರೊಟ್ಟಿ ಬಡಿದು ಮುಗಿಸಿದ ಹೆಂಗಸರಿಗೆ ರಾತ್ರಿಯ ಒಂದೆರಡು ತಾಸು ಸಿಗುವ ಬಿಡುವಿನಲ್ಲಿ ಟಿವಿ ಇರುತ್ತದೆ. ಚಂದು ಬದಲಾದ ದಿನಗಳಲ್ಲಿ ನಮ್ಮ ಕಡೆಯ ಮನೆಗಳಲ್ಲಿ ನಡೆದ ಮಾತು ಹೆಚ್ಚುಕಮ್ಮಿ ಹೀಗೇ ಇರುತ್ತಿತ್ತು:

“ಏ ಯವ್ವಾ, ಇಂವ ಯಾಂವ? ಚಂದು ಎಲ್ಲಿ ಹೋದ?”

“ಇಂವನೇ ಚಂದು ಅಂತ, ಅತ್ತಿ.”

“ಹೌದಾ? ಛೊಲೋ ಅದಾನ ಬಿಡು. ಆದ್ರ ಅಂವನ ಹಂಗ ನಗಾಂಗಿಲ್ಲ.”

ಈ ಮೂರು ಸಾಲಿನಲ್ಲಿ ಒಂದು ದೊಡ್ಡ ಪ್ರಶ್ನೆಯೇ ಇದೆ. ಪಾತ್ರ ಎಂದರೆ ಏನು? ಬರೆದವರ ಹೆಸರೋ, ಆಡಿದವರ ಮುಖವೋ, ನೋಡಿದವರ ನೆನಪೋ? ಮುಖ ಬದಲಾದಾಗ ನೋಡುಗರು ಮೊದಲು ಬೆಚ್ಚುತ್ತಾರೆ, ಆಮೇಲೆ ಗೊಣಗುತ್ತಾರೆ, ಎರಡು ವಾರದ ನಂತರ ಒಪ್ಪುತ್ತಾರೆ. ಈ ಒಪ್ಪಿಗೆ ಟಿವಿ ಬಂದ ಮೇಲೆ ಕಲಿತದ್ದಲ್ಲ. ಅದಕ್ಕೊಂದು ಹಿಂದಿನ ಚರಿತ್ರೆ ಇದೆ.

ನಮ್ಮ ಭಾಗದ ದೊಡ್ಡಾಟ, ಸಣ್ಣಾಟಗಳಲ್ಲಿ ಪಾತ್ರ ಎಂದೂ ಒಬ್ಬನ ಸ್ವತ್ತಾಗಿರಲಿಲ್ಲ. ಅದು ಊರಿನದು. ಈ ವರ್ಷ ಭೀಮ ಆದವನಿಗೆ ಮುಂದಿನ ವರ್ಷ ಸೊಂಟ ಹಿಡಿದರೆ ಆತನ ತಮ್ಮನೋ ಮಗನೋ ಗದೆ ಹಿಡಿಯುತ್ತಿದ್ದ. ದ್ರೌಪದಿ ಆಗಿ ಸೆರಗು ಹೊದ್ದು ಬಂದವನು ಬೆಳಿಗ್ಗೆ ಎತ್ತು ಹೂಡಿಕೊಂಡು ಹೋಗುವುದನ್ನು ಎಲ್ಲರೂ ನೋಡುತ್ತಿದ್ದರು. ಯಾರು ಯಾರೆಂದು ಮುಂಚೆಯೇ ಗೊತ್ತಿದ್ದರೂ ರಾತ್ರಿ ಬಣ್ಣ ಬಳಿದು, ಕಿರೀಟ ಇಟ್ಟು, ಹಿಮ್ಮೇಳ ಎತ್ತಿದ ಮೇಲೆ ಆತ ಭೀಮನೇ. ಇಲ್ಲಿ ಪಾತ್ರವನ್ನು ಗುರುತಿಸುತ್ತಿದ್ದದ್ದು ಮುಖದಿಂದಲ್ಲ. ವೇಷದಿಂದ, ಹೆಜ್ಜೆಯಿಂದ, ಪ್ರವೇಶದ ಹಾಡಿನಿಂದ. ಹಾಗಾಗಿ ವೇಷಧಾರಿ ಬದಲಾದರೆ ಜನ ಹೋಲಿಸುತ್ತಿದ್ದರೇ ಹೊರತು ಮೋಸ ಹೋದೆವು ಎನ್ನುತ್ತಿರಲಿಲ್ಲ. “ಅವರಪ್ಪನ ಭೀಮ ಅಂದ್ರ ಭೀಮ” ಎನ್ನುವ ಮಾತಿನಲ್ಲಿ ಮಗನಿಗೆ ಚುಚ್ಚೂ ಇತ್ತು, ಮನೆತನಕ್ಕೆ ಮರ್ಯಾದೆಯೂ ಇತ್ತು.

ಕಂಪನಿ ನಾಟಕಗಳು ಈ ಲೆಕ್ಕವನ್ನು ಸ್ವಲ್ಪ ಬದಲಾಯಿಸಿದವು. ಕಂಪನಿಗೆ ಟಿಕೆಟ್ಟು ಬೇಕು, ಟಿಕೆಟ್ಟಿಗೆ ಹೆಸರು ಬೇಕು. ಹೀಗಾಗಿ ಪಾತ್ರದ ಜೊತೆ ನಟನ ಹೆಸರೂ ಹ್ಯಾಂಡ್‌ಬಿಲ್ಲಿಗೆ ಏರಿತು. ಆದರೂ ಬದಲಾವಣೆ ನಿಲ್ಲಲಿಲ್ಲ. ನಮ್ಮ ಉತ್ತರ ಕರ್ನಾಟಕದ ದೊಡ್ಡ ಉದಾಹರಣೆ ಬೀಳಗಿಯ ಗೋಹರಬಾಯಿ ಕರ್ನಾಟಕಿ. ಮರಾಠಿ ರಂಗಭೂಮಿಯಲ್ಲಿ ಬಾಲಗಂಧರ್ವರು ಹೆಣ್ಣಾಗಿ ನಿಂತರೆ ಹೆಣ್ಣುಮಕ್ಕಳೇ ಅವರನ್ನು ನೋಡಿ ಸೀರೆ ಉಡುವುದನ್ನು ಕಲಿಯುತ್ತಿದ್ದರು ಎನ್ನುವಷ್ಟು ಖ್ಯಾತಿ. ಆ ಬಾಲಗಂಧರ್ವರಿಗೆ ವಯಸ್ಸಾಗುತ್ತ ಬಂದಾಗ ಕಂಪನಿ ಸೇರಿದ ಗೋಹರಬಾಯಿ ನಾಯಕಿಯ ಪಾತ್ರಗಳನ್ನು ಕೈಗೆತ್ತಿಕೊಂಡರು. ಗಂಡಸು ಕಟ್ಟಿ ಬೆಳೆಸಿದ ಹೆಣ್ಣಿನ ಪಾತ್ರಕ್ಕೆ ಹೆಣ್ಣೇ ಬದಲಿಯಾಗಿ ಬಂದಳು. ಜನರಿಗೆ ಅದು ಸುಲಭವಾಗಿರಲಿಲ್ಲ, ಯಾಕೆಂದರೆ ಅವರ ಕಣ್ಣಿಗೆ ಒಗ್ಗಿದ ‘ಹೆಣ್ಣು’ ಬಾಲಗಂಧರ್ವರದಾಗಿತ್ತು.

ಏಣಗಿ ಬಾಳಪ್ಪನವರ ಬದುಕಿನಲ್ಲಿ ಇದೇ ಮಾತು ಇನ್ನೊಂದು ರೀತಿಯಲ್ಲಿ ಕಾಣುತ್ತದೆ. 1914ರಲ್ಲಿ ಹುಟ್ಟಿ, ನೂರು ದಾಟಿ ಬಾಳಿದ ಅವರು ಎಳೆಯ ವಯಸ್ಸಿನಲ್ಲಿ ಸ್ತ್ರೀ ಪಾತ್ರ ಮಾಡಿದವರು, ಮುಂದೆ ಬಸವಣ್ಣನಾಗಿ ಜನರ ಕೈಯಿಂದ ನಮಸ್ಕಾರ ಮಾಡಿಸಿಕೊಂಡವರು. ಒಬ್ಬನೇ ಮನುಷ್ಯ, ವಯಸ್ಸಿಗೆ ತಕ್ಕಂತೆ ಪಾತ್ರ ದಾಟುತ್ತ ಹೋದ. ಗುಬ್ಬಿ ವೀರಣ್ಣನವರು ‘ಸದಾರಮೆ’ ನಾಟಕದ ಕಳ್ಳನಾಗಿ ನಾಡನ್ನು ನಗಿಸಿದರು. ಬಹುಕಾಲದ ಮೇಲೆ ಮೊಮ್ಮಗಳು ಬಿ. ಜಯಶ್ರೀ ಅದೇ ಕಳ್ಳನ ವೇಷ ತೊಟ್ಟರು. ರಂಗಭೂಮಿಯಲ್ಲಿ ಹೀಗೆ ಪಾತ್ರವೆಂಬುದು ಕೈಯಿಂದ ಕೈಗೆ ದಾಟುವ ವಸ್ತು. ಹಿಂದಿನವರ ಹೆಸರು ಹೇಳಿಯೇ ಮುಂದಿನವರು ಅದನ್ನು ಎತ್ತಿಕೊಳ್ಳುತ್ತಿದ್ದರು.

ಟೆಲಿವಿಷನ್ ಬಂದದ್ದು ಇಂಥ ಜನರ ಮುಂದೆ. ಮತ್ತು ಇದು ಹಲವರು ಮರೆತ ಸಂಗತಿ: ಕರ್ನಾಟಕಕ್ಕೆ ಟಿವಿ ಬೆಂಗಳೂರಿನಿಂದ ಬಂದದ್ದಲ್ಲ, ನಮ್ಮ ಕಡೆಯಿಂದ ಹೋದದ್ದು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರ ವರೆಗೆ ಇಸ್ರೋ ಮತ್ತು ನಾಸಾ ಸೇರಿ ‘ಸೈಟ್’ ಎಂಬ ಉಪಗ್ರಹ ಬೋಧನಾ ಪ್ರಯೋಗ ನಡೆಸಿದವು. ಆರು ರಾಜ್ಯಗಳ 2,400 ಹಳ್ಳಿಗಳಲ್ಲಿ ಸಾರ್ವಜನಿಕ ಟಿವಿ ಪೆಟ್ಟಿಗೆ ಇಟ್ಟು, ಜಾಲರಿಯಿಂದ ಮಾಡಿದ ದೊಡ್ಡ ಆಂಟೆನಾ ನೆಟ್ಟು, ಎಟಿಎಸ್-6 ಉಪಗ್ರಹದಿಂದ ನೇರವಾಗಿ ಕಾರ್ಯಕ್ರಮ ಇಳಿಸಲಾಯಿತು. ಕರ್ನಾಟಕದಲ್ಲಿ ಇದಕ್ಕೆ ಆಯ್ಕೆಯಾದದ್ದು ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳು. ಬೇಸಾಯ, ಆರೋಗ್ಯ, ಕುಟುಂಬ ಯೋಜನೆ, ಮಕ್ಕಳಿಗೆ ಪಾಠ. ವರ್ಷ ಮುಗಿದ ಮೇಲೆ ಉಪಗ್ರಹ ಹೊರಟು ಹೋಯಿತು. ಆದರೆ 1977ರಲ್ಲಿ ಗುಲ್ಬರ್ಗಾದಲ್ಲಿ ದೂರದರ್ಶನ ಪ್ರಸಾರ ಕೇಂದ್ರ ಶುರುವಾಯಿತು. ಬೆಂಗಳೂರು ದೂರದರ್ಶನ ಬಂದದ್ದು 1981ರಲ್ಲಿ. ‘ಹಿಂದುಳಿದ ಭಾಗ’ ಎಂದು ಕರೆಸಿಕೊಳ್ಳುವ ನಾವು ಟಿವಿ ನೋಡುವುದರಲ್ಲಿ ರಾಜಧಾನಿಗಿಂತ ನಾಲ್ಕು ವರ್ಷ ಹಿರಿಯರು.

ಆದರೆ ಆ ಕಾಲದ ಪರದೆಯಲ್ಲಿ ಪಾತ್ರಧಾರಿ ಬದಲಾಗುವ ಪ್ರಸಂಗವೇ ಕಡಿಮೆ. ದೂರದರ್ಶನ ಧಾರಾವಾಹಿಗಳಿಗೆ ಸಾಮಾನ್ಯವಾಗಿ ಮಂಜೂರಾಗುತ್ತಿದ್ದದ್ದು 13 ಕಂತು. ವಾರಕ್ಕೊಂದರಂತೆ ಮೂರು ತಿಂಗಳಲ್ಲಿ ಕಥೆ ಮುಗಿಯುತ್ತಿತ್ತು. ನಟನಿಗೆ ಬೇಸರ ಬರುವ ಮೊದಲೇ ಪಾತ್ರಕ್ಕೆ ಮಂಗಳಾರತಿ. 1987ರಲ್ಲಿ ಬಂದ ರಾಮಾಯಣ ಇದಕ್ಕಿಂತ ಉದ್ದ, ಆದರೆ ಅದರ ಪರಿಣಾಮ ಬೇರೆಯೇ. ಊರಿನ ಆಟದಲ್ಲಿ ವರ್ಷಕ್ಕೊಬ್ಬನಾಗುತ್ತಿದ್ದ ರಾಮನಿಗೆ ಈಗ ಒಂದೇ ಮುಖ ಬಂತು, ಅದು ಅರುಣ್ ಗೋವಿಲ್ ಮುಖ. ಕಾಶ್ಮೀರದಿಂದ ಕನ್ಯಾಕುಮಾರಿಯ ವರೆಗೆ ಅದೇ ಮುಗುಳುನಗೆ. ಜನ ಟಿವಿಗೆ ಹಾರ ಹಾಕಿದರು, ಊದುಬತ್ತಿ ಹಚ್ಚಿದರು. ಹೆಸರನ್ನೂ ಮುಖವನ್ನೂ ಬಿಡಿಸಲಾಗದ ಹಾಗೆ ಗಂಟು ಹಾಕಿದ್ದು ಟಿವಿ. ಕ್ಯಾಮೆರಾ ಅಷ್ಟು ಹತ್ತಿರ ಹೋಗುತ್ತದೆ. ಬಯಲಾಟದ ಭೀಮನನ್ನು ನಾವು ಐವತ್ತು ಮಾರು ದೂರದಿಂದ ಕಂಡವರು, ಟಿವಿಯ ಸೊಸೆಯನ್ನು ಅವಳ ತಾಯಿ ನೋಡುವಷ್ಟು ಹತ್ತಿರದಿಂದ ಕಾಣುತ್ತೇವೆ. ಕಣ್ಣಂಚಿನ ನೀರು, ತುಟಿಯ ನಡುಕ, ಹಣೆಯ ಕುಂಕುಮ ಎಲ್ಲ ಗೊತ್ತು. ಹೀಗೆ ಗಂಟು ಹಾಕಿದ್ದನ್ನು ಬಿಚ್ಚಬೇಕಾಗಿ ಬಂದದ್ದು ದಿನವಹಿ ಧಾರಾವಾಹಿಗಳ ಕಾಲದಲ್ಲಿ.

1994ರಲ್ಲಿ ಉದಯ, 2000ದಲ್ಲಿ ಈಟಿವಿ ಕನ್ನಡ, 2006ರಲ್ಲಿ ಜೀ ಕನ್ನಡ ಬಂದವು. ಈಟಿವಿ ಕನ್ನಡ 2015ರಲ್ಲಿ ಕಲರ್ಸ್ ಕನ್ನಡವಾಯಿತು. ಪಾತ್ರಗಳಷ್ಟೇ ಅಲ್ಲ, ಚಾನೆಲ್ಲೇ ಹೆಸರು ಬದಲಿಸಿದ ಕಥೆ ಅದು. ಟಿ.ಎನ್. ಸೀತಾರಾಮ್, ಪಿ. ಶೇಷಾದ್ರಿ, ನಾಗೇಂದ್ರ ಶಾ ಸೇರಿ ಮಾಡಿದ ‘ಮಾಯಾಮೃಗ’ 1998ರಲ್ಲಿ ದಿನದಿನವೂ ಕಥೆ ನೋಡುವ ಚಟವನ್ನು ಕನ್ನಡಿಗರಿಗೆ ಹಚ್ಚಿತು. ಅಲ್ಲಿಂದ ಮುಂದೆ ಧಾರಾವಾಹಿ ಎಂದರೆ ವಾರಕ್ಕೆ ಐದಾರು ದಿನ, ದಿನಕ್ಕೆ ಜಾಹೀರಾತು ಕಳೆದು ಇಪ್ಪತ್ತು ಚಿಲ್ಲರೆ ನಿಮಿಷ, ಮುಗಿಯುವ ತಾರೀಖು ಯಾರಿಗೂ ಗೊತ್ತಿಲ್ಲದ ಒಂದು ಓಟ. ವಾರಕ್ಕೊಮ್ಮೆ ಬರುವ ಟಿಆರ್‌ಪಿ ಅಂಕಿಯೇ ಅದರ ಜಾತಕ. ಅಂಕಿ ಚೆನ್ನಾಗಿದ್ದರೆ ಕಥೆ ಮುಗಿದರೂ ಧಾರಾವಾಹಿ ಮುಗಿಯದು. ಅಂಕಿ ಬಿದ್ದರೆ ಕಥೆ ಅರ್ಧದಲ್ಲಿದ್ದರೂ ಧಾರಾವಾಹಿ ನಿಲ್ಲುತ್ತದೆ.

ಇಂಥ ಓಟದಲ್ಲಿ ಒಬ್ಬ ನಟ ಏಳು ವರ್ಷ ನಿಲ್ಲುವುದು ನಿಜಕ್ಕೂ ಕಷ್ಟ. ತಿಂಗಳಲ್ಲಿ ಹೆಚ್ಚಿನ ದಿನ ಚಿತ್ರೀಕರಣ, ಬೆಳಿಗ್ಗೆ ಹೋದರೆ ರಾತ್ರಿ ಮನೆ. ಸಂಬಳವಲ್ಲ, ದಿನಗೂಲಿಯ ಲೆಕ್ಕದ ಸಂಭಾವನೆ. ಯುವ ನಟನಿಗೆ ಸಿನಿಮಾ ಕರೆಯುತ್ತದೆ, ನಟಿಗೆ ಮದುವೆ, ಬಸಿರು, ಬಾಣಂತನ ಬರುತ್ತದೆ, ಮತ್ತೊಂದು ಚಾನೆಲ್ ಹೊಸ ಪಾತ್ರ ಕೊಡುತ್ತದೆ, ಅಥವಾ ಸುಮ್ಮನೆ ಸಾಕಾಗುತ್ತದೆ. ಹೋದವರ ಜಾಗದಲ್ಲಿ ನಾಳೆಯ ಕಂತು ಕಾಯುತ್ತಿರುತ್ತದೆ. ಮುಂಗಡವಾಗಿ ಚಿತ್ರೀಕರಿಸಿ ಇಟ್ಟುಕೊಂಡ ಕಂತುಗಳು ಕೆಲವೇ ದಿನಕ್ಕೆ ಸಾಕು. ಅಷ್ಟರೊಳಗೆ ಹೊಸ ಮುಖ ಹುಡುಕಬೇಕು, ಅದೇ ಅಳತೆಯ ಬಟ್ಟೆ ಹೊಲಿಸಬೇಕು, ಕಥೆಯಲ್ಲಿ ಒಂದು ಬಾಗಿಲು ಮಾಡಬೇಕು.

ಬಾಗಿಲು ಮಾಡುವ ಕಲೆಯಲ್ಲಿ ಹಿಂದಿಯವರು ನಮಗಿಂತ ಮೊದಲು ಕೈ ಪಳಗಿಸಿಕೊಂಡರು. 2000ದಲ್ಲಿ ಶುರುವಾದ ‘ಕ್ಯೋಂಕಿ ಸಾಸ್ ಭೀ ಕಭೀ ಬಹೂ ಥೀ’ಯಲ್ಲಿ ಮಿಹಿರ್ ಆಗಿದ್ದವರು ಅಮರ್ ಉಪಾಧ್ಯಾಯ. ಆ ಪಾತ್ರ ಸತ್ತಾಗ ನೋಡುಗರು ಸುಮ್ಮನಿರಲಿಲ್ಲ. ಮಿಹಿರ್ ಮರಳಿ ಬಂದ, ಮುಂದೆ ಇಂದರ್ ಕುಮಾರ್ ಮುಖದಲ್ಲಿ, ಆಮೇಲೆ ರೋನಿತ್ ರಾಯ್ ಮುಖದಲ್ಲಿ. ಅಮೆರಿಕದ ‘ಬಿವಿಚ್ಡ್’ ಎಂಬ ಹಳೆಯ ಧಾರಾವಾಹಿಯಲ್ಲಿ 1969ರಲ್ಲಿ ಗಂಡನ ಪಾತ್ರಧಾರಿ ಬದಲಾದಾಗ ಯಾವ ವಿವರಣೆಯನ್ನೂ ಕೊಡಲಿಲ್ಲ, ಬೇರೆಯವನು ಬಂದು ಅದೇ ಕುರ್ಚಿಯಲ್ಲಿ ಕುಳಿತ. ಬ್ರಿಟನ್ನಿನ ‘ಡಾಕ್ಟರ್ ಹೂ’ ಮಾತ್ರ 1966ರಲ್ಲಿಯೇ ಜಾಣ ದಾರಿ ಹುಡುಕಿತು: ನಾಯಕ ದೇಹ ಬದಲಿಸಿ ಮತ್ತೆ ಹುಟ್ಟುವ ಜೀವಿ ಎಂದು ಕಥೆಯೊಳಗೇ ಬರೆದುಬಿಟ್ಟರು. ಪರಕಾಯ ಪ್ರವೇಶ ಕೇಳಿ ಬೆಳೆದ ನಮಗೆ ಅದೇನೂ ಹೊಸದಲ್ಲ.

ಕನ್ನಡದಲ್ಲಿ ಈ ಎಲ್ಲ ದಾರಿಗಳೂ ಬಳಕೆಯಾಗಿವೆ. ಮೊದಲನೆಯದು ಸುಮ್ಮನೆ ಬದಲಿಸುವುದು. ‘ಲಕ್ಷ್ಮೀ ಬಾರಮ್ಮ’ದ ಚಂದು ಹಾಗೆ ಬಂದವನು. ‘ರಾಧಾ ರಮಣ’ದ ರಾಧಾ ಮಿಸ್ ಕೂಡ ಹಾಗೆಯೇ: 2017ರಲ್ಲಿ ಶುರುವಾದಾಗ ಶ್ವೇತಾ ಆರ್. ಪ್ರಸಾದ್, ಅವರು ಬಿಟ್ಟ ಮೇಲೆ ಕಾವ್ಯಾ ಗೌಡ. ‘ಕನ್ನಡತಿ’ಯಲ್ಲಿ ಸಾನಿಯಾ ಪಾತ್ರ ರಮೋಲಾ ಅವರಿಂದ ಆರೋಹಿ ನೈನಾ ಅವರಿಗೆ ದಾಟಿತು. ಇಲ್ಲಿ ಕೇಡಿ ಪಾತ್ರಕ್ಕೂ ನಾಯಕಿ ಪಾತ್ರಕ್ಕೂ ಒಂದು ವ್ಯತ್ಯಾಸ ಕಾಣುತ್ತದೆ. ಕೇಡಿ ಬದಲಾದರೆ ನಮ್ಮೂರಿನ ಹೆಂಗಸರು ಎರಡು ದಿನದಲ್ಲಿ ಹೊಸಬಳನ್ನೂ ಬೈಯಲು ಶುರು ಮಾಡುತ್ತಾರೆ. ಸಿಟ್ಟಿಗೆ ಮುಖ ಬೇಕಿಲ್ಲ. ನಾಯಕಿ ಬದಲಾದರೆ ಮಾತ್ರ ತಿಂಗಳುಗಟ್ಟಲೆ ಹೋಲಿಕೆ ನಡೆಯುತ್ತದೆ, ಯಾಕೆಂದರೆ ಪ್ರೀತಿಗೆ ಮುಖ ಬೇಕು.

ಎರಡನೆಯ ದಾರಿ ವರ್ಷಗಳನ್ನು ಜಿಗಿಯುವುದು. ‘ಪುಟ್ಟಗೌರಿ ಮದುವೆ’ 2012ರ ಕೊನೆಯಲ್ಲಿ ಶುರುವಾದಾಗ ಪುಟ್ಟಗೌರಿ ಸಾನ್ಯಾ ಅಯ್ಯರ್. ಎರಡು ಜಡೆಯ, ಗಂಡನ ಮನೆ ಎಂದರೇನೆಂದು ಗೊತ್ತಿಲ್ಲದ ಹುಡುಗಿ. ಕಥೆ ಕೆಲವು ವರ್ಷ ಮುಂದಕ್ಕೆ ಹಾರಿದಾಗ ದೊಡ್ಡ ಗೌರಿಯಾಗಿ ಬಂದವರು ರಂಜನಿ ರಾಘವನ್. ಇದರ ಮೂಲ ಹಿಂದಿಯ ‘ಬಾಲಿಕಾ ವಧು’. ಅಲ್ಲಿ ಆನಂದಿಯ ಪಾತ್ರ ಅವಿಕಾ ಗೋರ್ ಅವರಿಂದ 2010ರಲ್ಲಿ ಪ್ರತ್ಯೂಷಾ ಬ್ಯಾನರ್ಜಿಗೆ, 2013ರಲ್ಲಿ ತೋರಲ್ ರಸಪುತ್ರಾಗೆ ಹೋಯಿತು. ಬಾಲನಟಿ ಬೆಳೆಯುತ್ತಾಳೆ, ಕಥೆಗೆ ದೊಡ್ಡವಳು ಬೇಕು, ಹೀಗಾಗಿ ಜಿಗಿತ ಸಹಜ ಎನಿಸುತ್ತದೆ. ಕೈತುತ್ತು ತಿನ್ನುತ್ತಿದ್ದ ಹುಡುಗಿ ಇದ್ದಲ್ಲಿ ಒಂದು ಸಂಜೆ ಸೆರಗು ಸರಿಮಾಡಿಕೊಳ್ಳುವ ತರುಣಿ ಬಂದು ನಿಲ್ಲುತ್ತಾಳೆ.

ಆದರೆ ನಮ್ಮ ಕಡೆ ಕುಳಿತು ನೋಡಿದವರಿಗೆ ಆ ಜಿಗಿತ ಬೇರೆಯೇ ಅರ್ಥ ಕೊಡುತ್ತದೆ. ಬಾಲ್ಯವಿವಾಹ ನಮ್ಮ ಜಿಲ್ಲೆಗೆ ಟಿವಿಯಲ್ಲಿ ಬಂದ ವಿಷಯವಲ್ಲ. 2006ರ ನಿಷೇಧ ಕಾಯ್ದೆ, ಅದಕ್ಕೆ 2016ರಲ್ಲಿ ಕರ್ನಾಟಕ ತಂದ ತಿದ್ದುಪಡಿ ಎರಡೂ ಇದ್ದರೂ, ಏಳನೆಯ ಎಂಟನೆಯ ಇಯತ್ತೆಯಲ್ಲಿ ಶಾಲೆಯ ಹಾಜರಿ ಪುಸ್ತಕದಿಂದ ಹುಡುಗಿಯರ ಹೆಸರು ಕಾಣೆಯಾಗುವುದು ಇಲ್ಲಿನ ಮಾಸ್ತರರಿಗೆಲ್ಲ ಗೊತ್ತು. ಒಬ್ಬ ಬಾಲವಧುವಿನ ಬದುಕಿನಲ್ಲಿ ನಿಜವಾದ ಕಥೆ ನಡೆಯುವುದು ಯಾವ ವರ್ಷಗಳಲ್ಲಿ? ಮೈನೆರೆದು, ಓದು ನಿಂತು, ಅತ್ತೆಮನೆಯ ಒಲೆ ಹಿಡಿದು, ತನ್ನ ಮೈಯೇ ತನಗೆ ಅರ್ಥವಾಗುವ ಮೊದಲು ಬಸಿರಾಗುವ ವರ್ಷಗಳಲ್ಲಿ. ಧಾರಾವಾಹಿ ಜಿಗಿದದ್ದು ಆ ವಯಸ್ಸಿನ ಮೇಲಿಂದಲೇ. ಪುಟ್ಟ ಹುಡುಗಿಯ ಮುಗ್ಧತೆ ತೋರಿಸಿತು, ತರುಣಿಯ ದಾಂಪತ್ಯದ ಕಷ್ಟ ತೋರಿಸಿತು. ನಡುವಿನ ಹೊಸ್ತಿಲನ್ನು ನಟಿಯ ಬದಲಾವಣೆ ಮುಚ್ಚಿಬಿಟ್ಟಿತು. ಆ ವಯಸ್ಸಿನ ಹುಡುಗಿಯಿಂದ ಅದನ್ನು ಆಡಿಸಬಾರದು ಎನ್ನುವುದು ಸರಿಯೇ. ಆದರೆ ಜಿಗಿದ ಜಾಗದಲ್ಲಿ ಏನಿತ್ತು ಎಂದು ಬಲ್ಲವರು ಪರದೆಯ ಈಚೆ ಕುಳಿತಿದ್ದರು. ಅವರ ಬದುಕಿನಲ್ಲಿ ಯಾರೂ ‘ಕೆಲವು ವರ್ಷಗಳ ನಂತರ’ ಎಂದು ಅಕ್ಷರ ಮೂಡಿಸಲಿಲ್ಲ.

ಅವರಿಗೆ ಇನ್ನೊಂದೂ ಗೊತ್ತು. ನಮ್ಮ ಎಷ್ಟೋ ಮನೆತನಗಳಲ್ಲಿ ಮದುವೆಯ ದಿನ ಹೆಣ್ಣಿನ ಹೆಸರು ಬದಲಾಯಿಸುವ ಪದ್ಧತಿ ಇತ್ತು, ಈಗಲೂ ಅಲ್ಲಲ್ಲಿ ಇದೆ. ತವರಿನಲ್ಲಿ ಒಂದು ಹೆಸರು, ಅತ್ತೆಮನೆಯಲ್ಲಿ ಇನ್ನೊಂದು. ಧಾರಾವಾಹಿಯಲ್ಲಿ ಹೆಸರು ಉಳಿದು ಮುಖ ಬದಲಾದರೆ, ಇವರಲ್ಲಿ ಮುಖ ಉಳಿದು ಹೆಸರು ಬದಲಾಯಿತು. “ಇಂವನೇ ಚಂದು ಅಂತ” ಎಂದರೆ “ಹೌದಾ” ಎಂದು ಒಪ್ಪುವ ಅತ್ತಿ ತಾನೂ ಒಂದು ದಿನ “ಇನ್ನ ಮ್ಯಾಲ ಈಕಿ ಹೆಸರು ಇದು” ಎಂದು ಹೇಳಿಸಿಕೊಂಡು ಸುಮ್ಮನೆ ತಲೆ ಬಗ್ಗಿಸಿದವಳು. ನೋಡುಗರು ಬೇಗ ಹೊಂದಿಕೊಳ್ಳುತ್ತಾರೆ ಎಂದು ಚಾನೆಲ್‌ನವರು ಹೇಳುವಾಗ ಆ ಹೊಂದಾಣಿಕೆ ಎಲ್ಲಿಂದ ಬಂತು ಎಂಬುದನ್ನೂ ನೆನೆಯಬೇಕು.

ಮೂರನೆಯ ದಾರಿ ಕಥೆಯೊಳಗೇ ಮುಖ ಬದಲಿಸುವುದು. 2019ರ ಸೆಪ್ಟೆಂಬರ್‌ನಲ್ಲಿ ಜೀ ಕನ್ನಡದಲ್ಲಿ ಬಂದ ‘ಜೊತೆ ಜೊತೆಯಲಿ’ ಇದಕ್ಕೆ ಕನ್ನಡದ ದೊಡ್ಡ ಉದಾಹರಣೆ. ಮರಾಠಿಯ ‘ತುಲಾ ಪಾಹತೇ ರೇ’ ಆಧರಿಸಿದ ಕಥೆ. ನಡುವಯಸ್ಸಿನ ಉದ್ಯಮಿ ಆರ್ಯವರ್ಧನ್ ಆಗಿ ಅನಿರುದ್ಧ, ವಠಾರದ ಹುಡುಗಿ ಅನು ಸಿರಿಮನೆಯಾಗಿ ಮೇಘಾ ಶೆಟ್ಟಿ. ಆರ್ಯವರ್ಧನ್ ಪಾತ್ರ ಅನಿರುದ್ಧ ಅವರ ನಡಿಗೆ, ಗಡ್ಡ, ದನಿಗೆ ಎಷ್ಟು ಅಂಟಿಕೊಂಡಿತ್ತೆಂದರೆ ಬೇರೆಯವರನ್ನು ಊಹಿಸುವುದೇ ಆಗುತ್ತಿರಲಿಲ್ಲ. 2022ರ ಆಗಸ್ಟ್‌ನಲ್ಲಿ ನಿರ್ಮಾಪಕರಿಗೂ ಅವರಿಗೂ ನಡುವಿನ ಭಿನ್ನಾಭಿಪ್ರಾಯ ಬೀದಿಗೆ ಬಂತು. ಎರಡೂ ಕಡೆಯವರು ಮಾಧ್ಯಮಗಳ ಮುಂದೆ ತಂತಮ್ಮ ಮಾತು ಹೇಳಿದರು, ಕೊನೆಗೆ ಅನಿರುದ್ಧ ಧಾರಾವಾಹಿಯಲ್ಲಿ ಉಳಿಯಲಿಲ್ಲ. ಕಥೆಯಲ್ಲಿ ಅಪಘಾತವಾಯಿತು, ಪ್ಲಾಸ್ಟಿಕ್ ಸರ್ಜರಿಯಾಯಿತು, ಆರ್ಯವರ್ಧನ್ ಹರೀಶ್ ರಾಜ್ ಮುಖ ಹೊತ್ತು ಸಂಜು ಎಂಬ ಹೆಸರಿನಲ್ಲಿ ತನ್ನ ಮನೆಗೇ ಅಪರಿಚಿತನಾಗಿ ಬಂದ. 2023ರಲ್ಲಿ ಧಾರಾವಾಹಿ ಮುಗಿಯಿತು.

ಜನ ಇದನ್ನು ನೋಡಿ ನಕ್ಕರು, ಮೊಬೈಲಿನಲ್ಲಿ ಗೇಲಿಯ ಚಿತ್ರಗಳು ಓಡಾಡಿದವು. ಆದರೆ ಒಂದು ಮಾತು ಒಪ್ಪಬೇಕು. ಹರೀಶ್ ರಾಜ್ ಬಂದ ಮೇಲಿನ ಕಥೆಯಲ್ಲಿ ಕಿರುತೆರೆಗೆ ಅಪರೂಪವಾದ ಒಂದು ಪ್ರಾಮಾಣಿಕತೆ ಇತ್ತು. ಹೆಂಡತಿ ಎದುರಿಗಿರುವ ಗಂಡನನ್ನು ಗುರುತಿಸಲಾರಳು. ಆತ ನಾನೇ ಎನ್ನಲಾರ. ನೋಡುಗರ ಸ್ಥಿತಿಯೂ ಅದೇ ಆಗಿತ್ತು. ‘ಇಂವ ನಮ್ಮ ಆರ್ಯ ಅಲ್ಲ’ ಎನ್ನುವ ನೋಡುಗರ ತಕರಾರನ್ನೇ ಕಥೆಗಾರರು ಅನುವಿನ ತಕರಾರಾಗಿ ಮಾಡಿದರು. ಶಕುಂತಲೆಯನ್ನು ಗುರುತಿಸದ ದುಷ್ಯಂತನ ಕಥೆ ಕೇಳಿದ ನಾಡಿಗೆ ಈ ಸಂಕಟ ಅಪರಿಚಿತವಲ್ಲ. ಅಲ್ಲಿ ಉಂಗುರ ಕಳೆದಿತ್ತು, ಇಲ್ಲಿ ಮುಖವೇ ಕಳೆದಿತ್ತು.

ನಾಲ್ಕನೆಯ ದಾರಿ ಪಾತ್ರವನ್ನೇ ಸಾಯಿಸುವುದು. ಉಮಾಶ್ರೀಯವರು ಮುಖ್ಯ ಪಾತ್ರದಲ್ಲಿದ್ದ ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಯಲ್ಲಿ ಮಗಳು ಸ್ನೇಹಾ ಆಗಿದ್ದ ಸಂಜನಾ ಬುರ್ಲಿ 2024ರಲ್ಲಿ ಹೊರಬಂದಾಗ ಬೇರೆ ನಟಿಯನ್ನು ಆ ಹೆಸರಿಗೆ ತಂದು ನಿಲ್ಲಿಸಲಿಲ್ಲ. ಸ್ನೇಹಾ ಸತ್ತಳು. ಓದಿ ಮೇಲೆ ಬಂದ ಹುಡುಗಿ, ತಾಯಿಯ ಹೆಮ್ಮೆ, ಸತ್ತದ್ದು ನೋಡಿ ಹಲವರು ಊಟ ಬಿಟ್ಟರು. ಅವಳ ಹೃದಯ ಇನ್ನೊಬ್ಬ ಹುಡುಗಿಗೆ ಸೇರಿತು, ಅವಳ ಹೆಸರೂ ಸ್ನೇಹಾ. ಒಂದು ರೀತಿಯಲ್ಲಿ ಇದು ಗೌರವದ ಬೀಳ್ಕೊಡುಗೆ: ನಿನ್ನ ಮುಖವಿಲ್ಲದೆ ಈ ಪಾತ್ರ ಇಲ್ಲ ಎಂದು ನಟಿಗೆ ಹೇಳಿದ ಹಾಗೆ. ಇನ್ನೊಂದು ರೀತಿಯಲ್ಲಿ ಹೆಸರನ್ನೂ ಹೃದಯವನ್ನೂ ಬಿಟ್ಟುಕೊಡಲಾಗದ ಚಾನೆಲ್ಲಿನ ಆಸೆ. ಹೆಸರಿನ ಈ ಆಸೆ ಎಲ್ಲಿಗೆ ಹೋಗುತ್ತದೆ ಎಂದರೆ, 2023ರಲ್ಲಿ ಕಲರ್ಸ್ ಕನ್ನಡ ಮತ್ತೆ ‘ಲಕ್ಷ್ಮೀ ಬಾರಮ್ಮ’ ಎಂಬ ಧಾರಾವಾಹಿ ಶುರು ಮಾಡಿತು. ಅದರಲ್ಲಿ ಚಂದುವಿಲ್ಲ, ಚಿನ್ನುವಿಲ್ಲ, ಗೊಂಬೆಯಿಲ್ಲ. ಈ ಸಲ ಇಡೀ ಕಥೆಯೇ ಬದಲಾಗಿ ಶೀರ್ಷಿಕೆ ಮಾತ್ರ ಉಳಿಯಿತು.

ಈ ಎಲ್ಲ ದಾರಿಗಳಲ್ಲಿಯೂ ಒಂದು ಸಂಗತಿ ಕಾಣೆಯಾಗಿದೆ, ಅದು ಹೋದವರ ಹೆಸರು. ಹೊಸಬರು ಬರುವ ಮುನ್ನ ಪ್ರೋಮೋ ಬರುತ್ತದೆ, ಸಂಭ್ರಮ ಇರುತ್ತದೆ. ಹೋದವರ ಬಗ್ಗೆ ಧಾರಾವಾಹಿ ತುಟಿ ಬಿಚ್ಚುವುದಿಲ್ಲ. ಮಾರನೆಯ ದಿನದಿಂದ ಗೋಡೆಯ ಮೇಲಿನ ಮದುವೆ ಫೋಟೊ ಕೂಡ ಹೊಸದು. ಸಾವಿರಾರು ತಾಸು ಆ ಮನೆಯಲ್ಲಿ ಬದುಕಿದ ಒಬ್ಬ ದುಡಿಯುವ ಮನುಷ್ಯ ಅಲ್ಲಿ ಇರಲೇ ಇಲ್ಲ ಎನ್ನುವ ಹಾಗೆ. ಶೈನ್ ಶೆಟ್ಟಿ ಮುಂದೆ ಬಿಗ್ ಬಾಸ್ ಗೆದ್ದರು, ಮೊದಲ ಚಂದು ಚಂದನ್ ಮತ್ತು ಮೊದಲ ಚಿನ್ನು ಕವಿತಾ 2021ರಲ್ಲಿ ನಿಜಕ್ಕೂ ಮದುವೆಯಾದರು. ಆ ಸುದ್ದಿ ಕೇಳಿ ನಮ್ಮೂರಲ್ಲಿ “ಕಡೀಗೂ ಒಂದಾದ್ರು ನೋಡ್ರಿ” ಎಂದು ಹರಸಿದವರಿದ್ದಾರೆ. ಇವರು ಹೆಸರು ಮಾಡಿದವರು, ನೆನಪಿನಲ್ಲಿ ಉಳಿದರು. ಆದರೆ ನಾದಿನಿ, ಮಾವ, ಅಡುಗೆಯ ಅಜ್ಜಿ, ಡ್ರೈವರ್ ಪಾತ್ರ ಮಾಡಿ ಎದ್ದು ಹೋದವರನ್ನು ನೆನೆಯುವವರು ಯಾರು? ಅವರಲ್ಲಿ ಎಷ್ಟೋ ಜನ ಕಂಪನಿ ನಾಟಕ, ಹವ್ಯಾಸಿ ರಂಗಭೂಮಿಯಿಂದ ಹೋದವರು. ನಮ್ಮ ಕಡೆಯ ಮಾತು ಬಲ್ಲವರು ಬಂದರೂ ಅವರಿಗೆ ಸಿಗುವುದು ಹೆಚ್ಚಾಗಿ ಬಾಗಿಲ ಬಳಿಯ ಪಾತ್ರ. ಕಥೆಯ ಮನೆ ಬೆಂಗಳೂರು ಮೈಸೂರಿನ ಕನ್ನಡದಲ್ಲೇ ಮಾತಾಡುತ್ತದೆ.

ನಾಲವಾರದಿಂದ ಸನ್ನತಿ ದೂರವಲ್ಲ. ಭೀಮಾ ದಂಡೆಯ ಚಂದ್ರಲಾಂಬೆಗೆ ಹೋಗುವವರು, ಪಕ್ಕದ ಕನಗನಹಳ್ಳಿಯ ಬೌದ್ಧ ಸ್ತೂಪ ನೋಡಬೇಕೆನ್ನುವವರು ರೈಲಿನಲ್ಲಿ ಬಂದರೆ ಇಲ್ಲೇ ಇಳಿಯುವುದುಂಟು. 1994ರಿಂದ ಅಲ್ಲಿ ನಡೆದ ಉತ್ಖನನದಲ್ಲಿ ಸುಣ್ಣದ ಕಲ್ಲಿನ ಒಂದು ಉಬ್ಬುಶಿಲ್ಪ ಸಿಕ್ಕಿತು. ರಾಜ, ಪಕ್ಕದಲ್ಲಿ ರಾಣಿ, ಛತ್ರಿ ಚಾಮರದವರು. ಅದರ ಮೇಲೆ ಬ್ರಾಹ್ಮಿ ಲಿಪಿಯಲ್ಲಿ ‘ರಾಯೋ ಅಸೋಕೋ’ ಎಂದು ಬರೆದಿದೆ. ಅಶೋಕನ ಹೆಸರು ಹೊತ್ತ ಚಿತ್ರವೆಂದು ಜಗತ್ತು ಅದನ್ನು ನೋಡಲು ಬರುತ್ತದೆ. ಕೆತ್ತಿದ ಶಿಲ್ಪಿ ಅಶೋಕನನ್ನು ಕಂಡವನಲ್ಲ, ಅಶೋಕ ಸತ್ತು ತಲೆಮಾರುಗಳೇ ಕಳೆದಿದ್ದವು. ಯಾವುದೋ ಮುಖ ಕೆತ್ತಿದ, ಹೆಸರು ಬರೆದ, ಅಂದಿನಿಂದ ಅದು ಅಶೋಕ. “ಇಂವನೇ ಅಶೋಕ ಅಂತ” ಎಂದರೆ ನಾವೂ “ಹೌದಾ” ಎಂದು ಒಪ್ಪಿದ್ದೇವೆ. ಆ ಮುಖಕ್ಕೆ ಮಾದರಿಯಾಗಿ ನಿಂತವನು ಯಾರಾದರೂ ಇದ್ದರೆ, ಅವನ ಹೆಸರು ಕಲ್ಲಿನಲ್ಲಿಲ್ಲ.

ಎರಡು ಸಾವಿರ ವರ್ಷದ ಹಿಂದಿನ ಕಲ್ಲಿಗೆ ಅದನ್ನು ಕೇಳಲಾಗದು. ಆದರೆ ಇಂದಿನ ಚಾನೆಲ್ಲಿಗೆ ಕೇಳಬಹುದು. ಪಾತ್ರಧಾರಿ ಬದಲಾದ ದಿನ, ಕಥೆ ಶುರುವಾಗುವ ಮೊದಲು, ಐದು ಸೆಕೆಂಡು ಪರದೆ ನಿಲ್ಲಿಸಿ ಒಂದು ಸಾಲು ಹಾಕಲಿ: ಇಂದಿನವರೆಗೆ ಈ ಪಾತ್ರ ಮಾಡಿದವರು ಇಂಥವರು, ಇಂದಿನಿಂದ ಇಂಥವರು. ಸಿಗರೇಟಿನ ಎಚ್ಚರಿಕೆಗೆ, ಕಾಲ್ಪನಿಕ ಕಥೆ ಎಂಬ ಹೇಳಿಕೆಗೆ ಜಾಗ ಇರುವ ಪರದೆಯಲ್ಲಿ ಇದಕ್ಕೂ ಜಾಗ ಇರುತ್ತದೆ. ಊರಾಟದಲ್ಲಿ ಅಪ್ಪನ ಗದೆ ಮಗ ಹಿಡಿದಾಗ ಊರೇ ಅಪ್ಪನ ಹೆಸರು ಹೇಳುತ್ತಿತ್ತು. ಟಿವಿಯ ಮುಂದೆ ಅದನ್ನು ಹೇಳುತ್ತಿರುವವಳು ಸದ್ಯಕ್ಕೆ ರೊಟ್ಟಿ ಬುಟ್ಟಿ ಮುಚ್ಚಿ ಬಂದು ಕುಳಿತ ಅತ್ತಿ ಒಬ್ಬಳೇ: “ಛೊಲೋ ಅದಾನ ಬಿಡು. ಆದ್ರ ಅಂವನ ಹಂಗ ನಗಾಂಗಿಲ್ಲ.”